ಪಟ್ಟಿಯಲ್ಲಿ ಮೇಲಿರುವ ಕಾಲೇಜಿಗೇ ಮಗಳನ್ನು ಸೇರಿಸಬೇಕೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಮಗಳಿಗೆ ಸಿಇಟಿಯಲ್ಲಿ ಹನ್ನೊಂದು ಸಾವಿರದ ಆಸುಪಾಸು ರ‍್ಯಾಂಕ್ ಬಂದಿದೆ. ಬೆಂಗಳೂರಿನ ಒಂದು ವಿಟಿಯು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಗುವ ಹಾಗಿದೆ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಆ ಕಾಲೇಜು 151ರಿಂದ 200ರ ಗುಂಪಿನಲ್ಲಿದೆ. ಪಕ್ಕದ ರಾಜ್ಯದ ಒಂದು ಡೀಮ್ಡ್ ವಿಶ್ವವಿದ್ಯಾಲಯ ಅದೇ ಪಟ್ಟಿಯಲ್ಲಿ 50ರೊಳಗಿದೆ, ಅಲ್ಲಿ ಕಂಪ್ಯೂಟರ್ ಸೈನ್ಸ್ ಕೊಡುತ್ತಾರಂತೆ. ಫೀಸು ವರ್ಷಕ್ಕೆ ನಾಲ್ಕು ಲಕ್ಷದ ಮೇಲೆ, ಹಾಸ್ಟೆಲ್ ಬೇರೆ. ಸಾಲ ಮಾಡಲೇಬೇಕು. ಸರ್ಕಾರವೇ ಕೊಟ್ಟ ರ‍್ಯಾಂಕ್ ಸುಳ್ಳಾಗುತ್ತದಾ, ಕಣ್ಣು ಮುಚ್ಚಿ ಸೇರಿಸು ಅನ್ನುತ್ತಾನೆ ನನ್ನ ತಮ್ಮ. ಏನು ಮಾಡಲಿ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ಪಟ್ಟಿ ಸರ್ಕಾರದ್ದೇ, ಸುಳ್ಳು ಅನ್ನಲು ಆಗುವುದಿಲ್ಲ. ಕಣ್ಣು ಮುಚ್ಚಿ ಅಂದರಲ್ಲ, ಅಲ್ಲಿ ನನ್ನ ತಕರಾರು. ಕಣ್ಣು ಬಿಟ್ಟು ನೋಡಿದರೆ ಅದೇ ಎನ್‌ಐಆರ್‌ಎಫ್ ವೆಬ್‌ಸೈಟಿನಲ್ಲಿ, ರ‍್ಯಾಂಕಿಗಿಂತ ನೂರು ಪಾಲು ಉಪಯೋಗಕ್ಕೆ ಬರುವ ಇನ್ನೊಂದು ಕಾಗದ ಇದೆ. ಅದನ್ನು ಓದುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ರ‍್ಯಾಂಕ್ ಹೇಗೆ ಹುಟ್ಟುತ್ತದೆ ಅನ್ನುವುದು ಗೊತ್ತಾಗಬೇಕು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವನು. ಅದರಲ್ಲಿ ಆರು ವರ್ಷ ಕಾಲೇಜಿನ ಪರವಾಗಿ ಈ ಎನ್‌ಐಆರ್‌ಎಫ್ ಅರ್ಜಿ ತುಂಬುವ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದರು. ಹಾಗಾಗಿ ಅಡುಗೆಮನೆ ಒಳಗಿಂದ ನೋಡಿದವನ ಮಾತು ಅಂತ ಇಟ್ಟುಕೊಳ್ಳಿ.

ಈ ವ್ಯವಸ್ಥೆ ಪ್ರಕಟವಾಗಿದ್ದು 2015ರ ಸೆಪ್ಟೆಂಬರ್ 29ರಂದು. ಮೊದಲ ಪಟ್ಟಿ ಬಂದಿದ್ದು 2016ರ ಏಪ್ರಿಲ್ 4ರಂದು. ವಿದೇಶದವರು ಮಾಡುವ ಪಟ್ಟಿಗಳಲ್ಲಿ ನಮ್ಮ ಸಂಸ್ಥೆಗಳು ಎಲ್ಲೋ ಕೆಳಗೆ ಬೀಳುತ್ತಿದ್ದವು, ನಮ್ಮ ಪರಿಸ್ಥಿತಿಗೆ ತಕ್ಕ ಅಳತೆಗೋಲು ನಮಗೇ ಬೇಕು ಅನ್ನುವುದು ಆಗಿನ ಮಾತು. ಕೆಲಸ ನೋಡಿಕೊಳ್ಳುವುದು ನ್ಯಾಷನಲ್ ಬೋರ್ಡ್ ಆಫ್ ಅಕ್ರಿಡಿಟೇಶನ್, ಅಂದರೆ ಎನ್‌ಬಿಎ. ಮೊದಲ ವರ್ಷ ಬಂದ ಅರ್ಜಿ 3,565. 2025ರಲ್ಲಿ 7,692 ಸಂಸ್ಥೆಗಳಿಂದ 14,163 ಅರ್ಜಿ, ಯಾಕೆಂದರೆ ಒಂದೇ ಸಂಸ್ಥೆ ಎರಡು ಮೂರು ವಿಭಾಗಕ್ಕೆ ಹಾಕಬಹುದು. ಭಾರೀ ಸಂಖ್ಯೆ ಅನಿಸುತ್ತದೆ. ಆದರೆ ಕೇಂದ್ರದ 2021-22ರ ಸಮೀಕ್ಷೆ ಪ್ರಕಾರ ದೇಶದಲ್ಲಿ 45 ಸಾವಿರಕ್ಕೂ ಜಾಸ್ತಿ ಕಾಲೇಜುಗಳಿವೆ. ಬಹುಪಾಲು ಕಾಲೇಜುಗಳು ಅರ್ಜಿಯನ್ನೇ ಹಾಕುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕಾಲೇಜು ಕೆಟ್ಟದ್ದು ಅಂತ ಹೇಳಲು ಬರುವುದಿಲ್ಲ. ಅಲ್ಲಿ ನನ್ನಂಥ ಒಬ್ಬ ಬಕರಾ ಸಿಕ್ಕಿಲ್ಲದೆಯೂ ಇರಬಹುದು.

ಈಗ ಅಂಕಗಳ ವಿಷಯ. ಎಂಜಿನಿಯರಿಂಗ್ ಪಟ್ಟಿಯಲ್ಲಿ ಒಟ್ಟು 100 ಅಂಕ. ಪಾಠ, ಅಧ್ಯಾಪಕರು, ಖರ್ಚು ಮಾಡುವ ಹಣ ಇವೆಲ್ಲ ಸೇರಿ 30. ಸಂಶೋಧನೆಗೆ 30. ಓದಿ ಹೊರಬಂದವರ ಗತಿ ಏನಾಯಿತು ಅನ್ನುವುದಕ್ಕೆ 20. ಹೊರರಾಜ್ಯದವರು, ಹೆಣ್ಣುಮಕ್ಕಳು, ಬಡವರು, ಅಂಗವಿಕಲರು ಎಷ್ಟರ ಮಟ್ಟಿಗೆ ಒಳಗೆ ಬರುತ್ತಾರೆ ಅನ್ನುವುದಕ್ಕೆ 10. ಉಳಿದ 10 ಬರೀ ಹೆಸರಿಗೆ. ಅಂದರೆ ಬೇರೆ ಪ್ರೊಫೆಸರುಗಳನ್ನೂ ಕಂಪನಿಯವರನ್ನೂ 'ನಿಮ್ಮ ಪ್ರಕಾರ ಯಾವುದು ಒಳ್ಳೆಯದು' ಅಂತ ಕೇಳಿ ಕೊಡುವ ಅಂಕ.

ಆ 20 ಇದೆಯಲ್ಲ, ಅದನ್ನು ಇನ್ನೊಂದಿಷ್ಟು ಬಿಡಿಸಿ. ಕೆಲಸ ಸಿಕ್ಕವರು ಮತ್ತು ಮುಂದೆ ಓದಲು ಹೋದವರು ಎಷ್ಟು ಅನ್ನುವುದಕ್ಕೆ ಅದರಲ್ಲಿ 8. ಸಂಬಳಕ್ಕೆ 5. ನಾಲ್ಕೇ ವರ್ಷದಲ್ಲಿ ಪಾಸಾಗಿ ಹೊರಬಂದವರ ಲೆಕ್ಕಕ್ಕೆ 3. ಉಳಿದ 4 ಪಿಎಚ್‌ಡಿ ಮುಗಿಸಿದವರಿಗೆ. ನೀವು ಹೊಲ ನೋಡಿಕೊಂಡು, ಸಾಲದ ಲೆಕ್ಕ ಹಾಕಿಕೊಂಡು, ರಾತ್ರಿ ನಿದ್ದೆಗೆಟ್ಟು ಕೇಳುತ್ತಿರುವ ಪ್ರಶ್ನೆ ಏನು? ಮಗಳಿಗೆ ಕೆಲಸ ಸಿಗುತ್ತದಾ, ಎಷ್ಟು ಸಂಬಳ ಬರುತ್ತದೆ. ಅದಕ್ಕೆ ಈ ಪಟ್ಟಿ ಕೊಟ್ಟಿರುವ ತೂಕ 100ಕ್ಕೆ 13. ಸಂಶೋಧನೆಗೆ 30.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದು ವಿಶ್ವವಿದ್ಯಾಲಯವನ್ನು ಅಳೆಯುವಾಗ ಸಂಶೋಧನೆ ನೋಡಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2016ರಿಂದ 2025ರವರೆಗೆ ಪ್ರತಿ ಸಲವೂ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲನೆಯದು, ಯಾರೂ ಹುಬ್ಬೇರಿಸಲಿಲ್ಲ. ನಿಮ್ಮ ಮಗಳು ಎಂಟೆಕ್ ಮುಗಿಸಿ ಪಿಎಚ್‌ಡಿಗೆ ಹೊರಟಿದ್ದರೆ ನಾನೇ 'ಪಟ್ಟಿ ನೋಡಿ' ಅನ್ನುತ್ತಿದ್ದೆ. ಅವಳು ಹೊರಟಿರುವುದು ಬಿಇಗೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಯಾರು ಪಾಠ ಮಾಡುತ್ತಾರೆ, ಲ್ಯಾಬಿನಲ್ಲಿ ಒಂದು ಬೆಂಚಿಗೆ ಎಷ್ಟು ಜನ, ಅದು ಅವಳಿಗೆ ಮುಖ್ಯ. ನಮ್ಮ ಕಾಲೇಜಿನಲ್ಲಿ ಮೆಷಿನ್ ಡಿಸೈನ್ ಹೇಳಿಕೊಡುವ ಒಬ್ಬರಿದ್ದರು. ಅವರ ಕ್ಲಾಸಿಗೆ ಬೇರೆ ಸೆಕ್ಷನ್ ಹುಡುಗರು ಬಂದು ಹಿಂದೆ ನಿಂತುಕೊಂಡು ಕೇಳುತ್ತಿದ್ದರು. ಸಂಶೋಧನಾ ಪೇಪರ್ ಬರೆದವರಲ್ಲ. ಪಿಎಚ್‌ಡಿಯೂ ಇರಲಿಲ್ಲ. ನಾನು ಅರ್ಜಿ ತುಂಬುವಾಗ ಅವರ ಹೆಸರಿನ ಮುಂದೆ ಹಾಕಲು ಏನೂ ಇರುತ್ತಿರಲಿಲ್ಲ, ತಲೆ ಲೆಕ್ಕಕ್ಕೆ ಒಂದು ತಲೆ, ಅಷ್ಟೇ. ಪಕ್ಕದ ಕೋಣೆಯವರೊಬ್ಬರು ವರ್ಷಕ್ಕೆ ಎಂಟು ಪೇಪರ್ ಮಾಡುತ್ತಿದ್ದರು, ಪೋರ್ಷನ್ ಮಾತ್ರ ಮುಗಿಸುತ್ತಿರಲಿಲ್ಲ. ಕಾಲೇಜಿನ ರ‍್ಯಾಂಕಿಗೆ ಇವರಿಂದ ಆದ ಉಪಕಾರ ಸಣ್ಣದಲ್ಲ.

ಇನ್ನೊಂದು ವಿಷಯ, ಇದು ನಮ್ಮ ರಾಜ್ಯದ ಕಾಲೇಜುಗಳಿಗೆ ನೇರವಾಗಿ ತಟ್ಟುವಂಥದ್ದು. ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳು ಎಷ್ಟಿದ್ದಾರೆ ಅನ್ನುವುದಕ್ಕೆ 100ರಲ್ಲಿ 3 ಅಂಕ ಇದೆ. ಸಿಇಟಿ ಸೀಟು ಕರ್ನಾಟಕದ ಮಕ್ಕಳಿಗೆ ಮೀಸಲು. ಸರ್ಕಾರಿ ಕಾಲೇಜಾದರೆ ಹೆಚ್ಚುಕಮ್ಮಿ ಎಲ್ಲ ಸೀಟು, ಖಾಸಗಿಯಾದರೆ ಅರ್ಧಕ್ಕೆ ಹತ್ತಿರ ಸೀಟು ಈ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಹಾವೇರಿಯ, ಕೊಪ್ಪಳದ, ಚಾಮರಾಜನಗರದ ಮಕ್ಕಳನ್ನು ಕಡಿಮೆ ಫೀಸಿಗೆ ಓದಿಸಿದ್ದಕ್ಕೇ ಆ ಕಾಲೇಜು ಅಂಕ ಕಳೆದುಕೊಳ್ಳುತ್ತದೆ. ದೇಶದ ಎಲ್ಲ ಕಡೆಯಿಂದ ಜಾಸ್ತಿ ಫೀಸು ಕೊಟ್ಟು ಬರುವವರನ್ನು ಸೇರಿಸಿಕೊಳ್ಳುವ ಡೀಮ್ಡ್ ವಿವಿಗೆ ಆ ಅಂಕ ತಾನಾಗಿಯೇ ಬರುತ್ತದೆ. ಮೂರೇ ಅಂಕ ತಾನೆ ಅನ್ನಬೇಡಿ. ಪಟ್ಟಿಯ ತುದಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ದೊಡ್ಡದು, ಕೆಳಗೆ ಬರುತ್ತಾ ಬರುತ್ತಾ ಸಂತೆಯಲ್ಲಿ ಜನ ಒತ್ತಿಕೊಂಡ ಹಾಗೆ ಕಾಲೇಜುಗಳು ದಶಾಂಶದ ಅಂತರದಲ್ಲಿ ಒಂದರ ಮೈಮೇಲೆ ಒಂದು. ಅಲ್ಲಿ ಮೂರು ಅಂಕ ಅಂದರೆ ಹತ್ತಾರು ಸ್ಥಾನ.

ಉದಾಹರಣೆ ಬೇಕಲ್ಲ. 2024ರ ಎಂಜಿನಿಯರಿಂಗ್ ಪಟ್ಟಿ ತೆಗೆಯಿರಿ. ಚೆನ್ನೈನ ಎಸ್‌ಆರ್‌ಎಂ 13ನೇ ಸ್ಥಾನ, ಇಂದೋರಿನ ಐಐಟಿ 16, ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ 17. ಬೆಂಗಳೂರಿನ ಆರ್‌ವಿ ಕಾಲೇಜು 99. ಈಗ ಸಿಇಟಿ ಕೌನ್ಸೆಲಿಂಗ್ ಸಾಲಿನಲ್ಲಿ ನಿಂತ ಯಾವ ಹುಡುಗಿಯನ್ನಾದರೂ ಕೇಳಿ. ಸುರತ್ಕಲ್ ಸಿಕ್ಕಿದರೆ ಬಿಟ್ಟು ಚೆನ್ನೈಗೆ ಹೋಗುತ್ತೀಯಾ ಅಂದರೆ ನಿಮ್ಮ ಮುಖ ನೋಡುತ್ತಾಳೆ. ಆರ್‌ವಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಾಮಾನ್ಯ ವರ್ಗದಲ್ಲಿ ಸಿಇಟಿಯ ಮೊದಲ ಕೆಲವು ನೂರು ರ‍್ಯಾಂಕುಗಳಲ್ಲೇ ಮುಗಿದುಹೋಗುತ್ತದೆ. ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಮೇಲಿರುವ ಕಾಲೇಜುಗಳನ್ನು ಬಿಟ್ಟು ಆ ಮಕ್ಕಳು ಇಲ್ಲಿಗೆ ಬರುತ್ತಾರಲ್ಲ, ಅವರೇನು ಪಟ್ಟಿ ನೋಡಿಲ್ಲವಾ? ನೋಡಿದ್ದಾರೆ. ಅಣ್ಣ ಅಕ್ಕಂದಿರು ಓದಿ ಎಲ್ಲಿ ಕೆಲಸಕ್ಕೆ ಸೇರಿದರು ಅನ್ನುವುದನ್ನೂ ನೋಡಿದ್ದಾರೆ. ಕಟ್ ಆಫ್, ಅಂದರೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನುವುದೂ ಒಂದು ಬಗೆಯ ಪಟ್ಟಿಯೇ, ಮಕ್ಕಳೇ ಕಾಲಿನಲ್ಲಿ ಓಟು ಹಾಕಿ ಮಾಡಿದ್ದು. ಅದರಲ್ಲೂ ದೋಷ ಇದೆ, ಕುರಿ ಮಂದೆಯ ಹಾಗೆ ಎಲ್ಲರೂ ಒಂದೇ ಕಡೆ ನುಗ್ಗುವುದೂ ಉಂಟು. ಆದರೂ ಬಿಇ ಸೀಟಿನ ಮಟ್ಟಿಗೆ ನಾನು ಎರಡರಲ್ಲಿ ಒಂದನ್ನು ನಂಬಬೇಕು ಅಂದರೆ ಸಿಇಟಿ ನಡೆಸುವ ಕೆಇಎಯವರು ಹಾಕುವ ಹಿಂದಿನ ಮೂರು ವರ್ಷದ ಕಟ್ ಆಫ್ ಅನ್ನೇ ನಂಬುತ್ತೇನೆ.

ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತವನ್ನೂ ನೋಡಿ. 2024ರಲ್ಲಿ ಬಿಟ್ಸ್ ಪಿಲಾನಿ 20ನೇ ಸ್ಥಾನದಲ್ಲಿತ್ತು, 2025ರಲ್ಲಿ 11. ಕೋಲ್ಕತ್ತದ ಜಾದವಪುರ 12ರಿಂದ 18ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಪಿಲಾನಿಯಲ್ಲಿ ಎಲ್ಲ ಬದಲಾಗಿ, ಜಾದವಪುರದಲ್ಲಿ ಎಲ್ಲ ಕೆಟ್ಟುಹೋಯಿತಾ? ಇಲ್ಲ. ಅದೇ ಮೇಷ್ಟ್ರು, ಅದೇ ಲ್ಯಾಬು. ಹಾಗಾಗಿ ಒಂದು ವರ್ಷದ ನೆಗೆತ ನೋಡಿ ಏನನ್ನೂ ತೀರ್ಮಾನ ಮಾಡಬಾರದು.

ಹಾಗಂತ ಪಟ್ಟಿ ಹೇಳುವುದೆಲ್ಲ ಸುಮ್ನೆ ಅಂತಲೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ ವಿವಿಗಳ ಪಟ್ಟಿಯಲ್ಲಿ 2021ರಲ್ಲಿ 19, 2022ರಲ್ಲಿ 33, 2023ರಲ್ಲಿ 44. ಒಂದೇ ದಿಕ್ಕಿನಲ್ಲಿ ಹೀಗೆ ಜಾರುತ್ತಾ ಹೋದರೆ ಗಮನಿಸಬೇಕು. ಖಾಯಂ ಅಧ್ಯಾಪಕರ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರಲ್ಲಿ ದಿನ ದೂಡುವುದು ನಮ್ಮ ರಾಜ್ಯದ ವಿವಿಗಳ ಹಳೇ ಕಾಯಿಲೆ. ಈ ಪಟ್ಟಿ ಖಾಯಂ ಅಧ್ಯಾಪಕರಿಗೇ ಒತ್ತು ಕೊಡುತ್ತದೆ, ಅದು ಸರಿಯಾದ ಜಾಗದಲ್ಲೇ ಚುಚ್ಚುತ್ತದೆ.

ನಿಮ್ಮ ಬೆಂಗಳೂರಿನ ಕಾಲೇಜು 151-200ರ ಗುಂಪಿನಲ್ಲಿದೆ ಅಂದಿರಿ. ಇಲ್ಲೊಂದು ಸಣ್ಣ ಮೋಸ ನಡೆಯುತ್ತದೆ, ಹುಷಾರು. 100ರ ನಂತರ ಅವರು ಸ್ಥಾನ ಕೊಡುವುದಿಲ್ಲ, ಗುಂಪು ಮಾಡಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ. 'ಎ' ಅಕ್ಷರದಿಂದ ಶುರುವಾಗುವ ಕಾಲೇಜು ಗುಂಪಿನ ತಲೆಯಲ್ಲಿ ಬಂದಿರುತ್ತದೆ. ಆಮೇಲೆ ಅಡ್ಮಿಷನ್ ಏಜೆಂಟ್ ಬಂದು 'ನಮ್ಮದು 102ನೇ ರ‍್ಯಾಂಕ್ ಸಾರ್' ಅನ್ನುತ್ತಾನೆ. ಹಾಗೆ ಒಂದು ರ‍್ಯಾಂಕೇ ಇಲ್ಲ. ಇನ್ನೊಂದು ಕೈಚಳಕ ವಿಭಾಗದ್ದು. ಫ್ಲೆಕ್ಸಿನಲ್ಲಿ ದೊಡ್ಡದಾಗಿ ರ‍್ಯಾಂಕ್ ಹಾಕಿ, ಯಾವ ವಿಭಾಗದಲ್ಲಿ ಅನ್ನುವುದನ್ನು ಇರುವೆ ಅಕ್ಷರದಲ್ಲಿ ಬರೆದಿರುತ್ತಾರೆ. ಫಾರ್ಮಸಿಯಲ್ಲಿ ಬಂದ ಸ್ಥಾನವನ್ನು ತೋರಿಸಿ ಎಂಜಿನಿಯರಿಂಗ್ ಸೀಟು ಮಾರುವವರೂ ಇದ್ದಾರೆ.

ಸರ್ಕಾರದ್ದು ಅಂದಮೇಲೆ ಯಾರೋ ಅಧಿಕಾರಿ ಬಂದು ಅಳೆದು ಹೋಗಿರುತ್ತಾರೆ ಅಂತ ನಿಮ್ಮ ತಮ್ಮ ಅಂದುಕೊಂಡಿರಬಹುದು. ಅಸಲಿಗೆ ಪೇಪರುಗಳ ಲೆಕ್ಕ ಹೊರಗಿನ ಡೇಟಾಬೇಸುಗಳಿಂದ ಬರುತ್ತದೆ, ಪೇಟೆಂಟಿನದೂ ಹಾಗೇ. ಉಳಿದ ಬಹುಪಾಲು ಅಂಕಿ ಕಾಲೇಜು ತಾನೇ ತುಂಬಿ ಕಳಿಸಿದ್ದು. ಪ್ರತಿ ಚಳಿಗಾಲ ನನ್ನ ಟೇಬಲ್ಲಿಗೆ ಬರುತ್ತಿದ್ದ ಫೈಲು ನೆನಪಾಗುತ್ತದೆ. ಅಕೌಂಟ್ಸಿನವರು ಒಂದು ಸಂಖ್ಯೆ ಕೊಡುತ್ತಿದ್ದರು, ಪ್ಲೇಸ್‌ಮೆಂಟ್‌ನವರು ಇನ್ನೊಂದು. ಒಬ್ಬ ಹುಡುಗನಿಗೆ ಮೂರು ಆಫರ್ ಬಂದಿದ್ದರೆ ಮೂರು ಅಂತ ಬರೆದಿರುತ್ತಿದ್ದರು. ನಾನು ಕೂತು ಒಂದೊಂದೇ ಹೆಸರು ಹಿಡಿದು 'ಇವನು ಇಲ್ಲಿ ಬಂದುಬಿಟ್ಟಿದ್ದಾನೆ, ಇಲ್ಲಿ ಮತ್ತೆ ಯಾಕೆ ಬಂದ' ಅಂತ ಹೊಡೆದು ಹಾಕುತ್ತಿದ್ದೆ. ಒಂದು ವರ್ಷ ಆಡಳಿತ ಮಂಡಳಿಯ ಒಬ್ಬರು ಕರೆದು, ವಾರಕ್ಕೆರಡು ದಿನ ಬರುತ್ತಿದ್ದವರನ್ನು ಖಾಯಂ ಪಟ್ಟಿಗೆ ಸೇರಿಸಿ ಅಂದರು. ನಾನು ಸಹಿ ಹಾಕುವುದಿಲ್ಲ ಅಂದೆ. ಮುಂದಿನ ವರ್ಷದಿಂದ ಆ ಫೈಲು ನನ್ನ ಟೇಬಲ್ಲಿಗೆ ಬರಲಿಲ್ಲ. ಬೇಜಾರೇನೂ ಆಗಲಿಲ್ಲ ಅನ್ನಿ, ಡಿಸೆಂಬರ್ ಸಂಜೆಗಳು ವಾಪಸ್ ಸಿಕ್ಕಿದವು.

ಇದು ನಮ್ಮಲ್ಲಿ ಮಾತ್ರ ಇರುವ ರೋಗ ಅಲ್ಲ. ಅಮೆರಿಕದ ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ 2ನೇ ಸ್ಥಾನದಲ್ಲಿತ್ತು. ಅಲ್ಲಿನದೇ ಗಣಿತದ ಪ್ರೊಫೆಸರ್ ಮೈಕೆಲ್ ಥಡ್ಡಿಯಸ್ ಕೂತು ಲೆಕ್ಕ ಹಾಕಿ, ನಮ್ಮವರು ಕೊಟ್ಟಿರುವ ಅಂಕಿಗಳು ಸರಿಯಿಲ್ಲ ಅಂತ ಬರೆದರು. 2022ರ ಸೆಪ್ಟೆಂಬರಿನಲ್ಲಿ ಹೊಸ ಪಟ್ಟಿ ಬಂದಾಗ ಕೊಲಂಬಿಯಾ 18ಕ್ಕೆ ಬಿತ್ತು. ನಮ್ಮಲ್ಲೂ ಇದೇ ತಕರಾರು, ಅಂಕಿಗಳನ್ನು ಸರಿಯಾಗಿ ಪರಿಶೀಲಿಸುವುದಿಲ್ಲ ಅಂತ ಕೋರ್ಟಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಆ ವರ್ಷದ ಪಟ್ಟಿ ಬಿಡುಗಡೆಗೆ ತಾತ್ಕಾಲಿಕ ತಡೆ ಕೊಟ್ಟಿತ್ತು. ಆಮೇಲೆ ತಡೆ ತೆರವಾಗಿ ಸೆಪ್ಟೆಂಬರ್ 4ರಂದು ಪಟ್ಟಿ ಹೊರಬಂತು. ಆ ಸಲದಿಂದ ಒಂದು ಒಳ್ಳೆಯ ಕೆಲಸ ಆಗಿದೆ: ಪ್ರಕಟವಾಗಿ ಆಮೇಲೆ ವಾಪಸ್ ಪಡೆದ ಪೇಪರುಗಳಿಗೆ ಅಂಕ ಕಳೆಯಲು ಶುರು ಮಾಡಿದ್ದಾರೆ. ರ‍್ಯಾಂಕಿಗಾಗಿ ಪೇಪರುಗಳನ್ನು ಇಡ್ಲಿ ಬೇಯಿಸಿದ ಹಾಗೆ ಒಂದೇ ಸಲಕ್ಕೆ ತಟ್ಟೆ ತಟ್ಟೆ ತೆಗೆಯುವ ಕಡೆ ಇದರ ಬಿಸಿ ತಟ್ಟಬೇಕು.

ಸರಿ, ಈಗ ಆ ಇನ್ನೊಂದು ಕಾಗದಕ್ಕೆ ಬರೋಣ.

ಎನ್‌ಐಆರ್‌ಎಫ್ ವೆಬ್‌ಸೈಟಿನಲ್ಲಿ ಎಂಜಿನಿಯರಿಂಗ್ ಪಟ್ಟಿ ತೆರೆದರೆ, ಮೊದಲ 100 ಕಾಲೇಜುಗಳ ಹೆಸರಿನ ಪಕ್ಕ ಆ ಕಾಲೇಜು ಸಲ್ಲಿಸಿದ ಅಂಕಿಗಳ ಪಿಡಿಎಫ್ ಇರುತ್ತದೆ. 100ರ ಆಚೆಯವರದ್ದೂ ಬೇಕಲ್ಲ, ಅದಕ್ಕೆ ಕಾಲೇಜಿನ ಸ್ವಂತ ವೆಬ್‌ಸೈಟಿಗೆ ಹೋಗಿ 'ಎನ್‌ಐಆರ್‌ಎಫ್' ಅಂತ ಹುಡುಕಿ. ಅರ್ಜಿ ಹಾಕಿದವರು ಆ ಅಂಕಿಗಳನ್ನು ತಮ್ಮ ಸೈಟಿನಲ್ಲೂ ಹಾಕಬೇಕು ಅನ್ನುವುದು ನಿಯಮ. ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಮಗಳಿಗೆ ಹೇಳಿ, ಐದು ನಿಮಿಷದಲ್ಲಿ ಹುಡುಕಿ ಕೊಡುತ್ತಾಳೆ. ಹುಡುಕಿದರೂ ಸಿಗಲೇ ಇಲ್ಲ ಅಂದರೆ ಅದೂ ಒಂದು ಮಾಹಿತಿಯೇ.

ಅದರಲ್ಲಿ ನಾಲ್ಕು ವರ್ಷದ ಯುಜಿ ಕೋರ್ಸಿನ, ಅಂದರೆ ಬಿಇಯ, ಪ್ಲೇಸ್‌ಮೆಂಟ್ ಕೋಷ್ಟಕ ಒಂದಿದೆ. ಒಂದೇ ಸಾಲಿನಲ್ಲಿ ಎಲ್ಲ ಇರುತ್ತದೆ: ಯಾವ ವರ್ಷ ಎಷ್ಟು ಜನ ಸೇರಿದರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಎಷ್ಟು, ಅವರಲ್ಲಿ ಸರಿಯಾದ ಸಮಯಕ್ಕೆ ಪಾಸಾದವರು ಎಷ್ಟು, ಕೆಲಸ ಸಿಕ್ಕಿದ್ದು ಎಷ್ಟು ಜನರಿಗೆ, ಮಧ್ಯದ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು. ಮಧ್ಯದ ಸಂಬಳ ಅಂದರೆ ಸರಾಸರಿ ಅಲ್ಲ. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವನ ಸಂಬಳ ಕೇಳಿದ ಹಾಗೆ. ಒಬ್ಬನಿಗೆ 50 ಲಕ್ಷದ ಪ್ಯಾಕೇಜ್ ಸಿಕ್ಕಿದರೂ ಅದು ಈ ಸಂಖ್ಯೆಯನ್ನು ಅಲ್ಲಾಡಿಸುವುದಿಲ್ಲ. ಅದಕ್ಕೇ ಬ್ರೋಷರಿನಲ್ಲಿ ಈ ಸಂಖ್ಯೆ ಕಾಣುವುದು ಅಪರೂಪ.

ನಾನು ಒಂದು ಕಾಲ್ಪನಿಕ ಕಾಲೇಜು ಇಟ್ಟುಕೊಂಡು ತೋರಿಸುತ್ತೇನೆ. ಮೊದಲ ವರ್ಷಕ್ಕೆ ಸೇರಿದವರು 900, ಡಿಪ್ಲೊಮಾದಿಂದ ಬಂದವರು 90. ಒಟ್ಟು 990. ಸಮಯಕ್ಕೆ ಪಾಸಾದವರು 700. ಕೆಲಸ ಸಿಕ್ಕಿದ್ದು 420 ಜನರಿಗೆ, ಮಧ್ಯದ ಸಂಬಳ ವರ್ಷಕ್ಕೆ 5.5 ಲಕ್ಷ. ಮುಂದೆ ಓದಲು ಹೋದವರು 60. ಬ್ರೋಷರು ಇದನ್ನು ಹೇಗೆ ಹೇಳುತ್ತದೆ ಗೊತ್ತಾ? 'ಆಸಕ್ತರಲ್ಲಿ 95 ಪರ್ಸೆಂಟ್ ಪ್ಲೇಸ್‌ಮೆಂಟ್, 800 ಆಫರ್.' ಆ 'ಆಸಕ್ತರು' ಅನ್ನುವ ಪದದಲ್ಲಿ ಎಷ್ಟು ಜನರನ್ನು ಬಚ್ಚಿಡಬಹುದು ನೋಡಿ. ನೀವು ಕಳೆಯುವ ಲೆಕ್ಕ ಮಾಡಿ. 990ರಲ್ಲಿ 290 ಜನ ಸಮಯಕ್ಕೆ ಪಾಸೇ ಆಗಲಿಲ್ಲ. ಪಾಸಾದ 700ರಲ್ಲಿ 220 ಜನಕ್ಕೆ ಕೆಲಸವೂ ಇಲ್ಲ, ಮುಂದಿನ ಓದೂ ಇಲ್ಲ. ಇನ್ನು ಆ 5.5 ಲಕ್ಷ ಇರುವುದು ಕೆಲಸ ಸಿಕ್ಕ 420 ಜನರ ನಡುವೆ ಮಾತ್ರ. ಅಂದರೆ ಅದಕ್ಕಿಂತ ಜಾಸ್ತಿ ಪಡೆದವರು 210. ಸೇರಿದ 990ರಲ್ಲಿ ಐವರಿಗೆ ಒಬ್ಬರು. ನಿಮ್ಮ ಮಗಳು ಆ ಐವರಲ್ಲಿ ಒಬ್ಬಳಾಗಬಹುದು, ಖಂಡಿತ ಆಗಬಹುದು. ಸಾಲ ಮಾಡುವವನು ಮಾತ್ರ ಉಳಿದ ನಾಲ್ವರನ್ನೂ ನೋಡಿಕೊಂಡು ಸಹಿ ಹಾಕಬೇಕು.

ಈ ಲೆಕ್ಕವನ್ನು ಎರಡೂ ಕಾಲೇಜಿಗೆ, ಮೂರು ವರ್ಷದ ಸಾಲುಗಳಿಗೆ ಮಾಡಿ. ಒಂದು ಹಾಳೆ, ಒಂದು ಪೆನ್ನು ಸಾಕು. ಅದೇ ಪಿಡಿಎಫ್‌ನಲ್ಲಿ ಹುಡುಗಿಯರು ಎಷ್ಟು, ಹೊರರಾಜ್ಯದವರು ಎಷ್ಟು, ಫೀಸು ವಾಪಸ್ ಅಥವಾ ಸ್ಕಾಲರ್‌ಶಿಪ್ ಸಿಗುತ್ತಿರುವವರು ಎಷ್ಟು, ಲ್ಯಾಬು ಲೈಬ್ರರಿಗೆ ಎಷ್ಟು ಖರ್ಚು ಅನ್ನುವುದೂ ಇದೆ. ಅಧ್ಯಾಪಕರ ಸಂಖ್ಯೆಯಿಂದ ವಿದ್ಯಾರ್ಥಿಗಳ ಸಂಖ್ಯೆಯನ್ನು ಭಾಗಿಸಿ. ಒಬ್ಬರಿಗೆ 15 ಮಕ್ಕಳಿದ್ದರೆ ಎನ್‌ಐಆರ್‌ಎಫ್ ಪೂರ್ತಿ ಅಂಕ ಕೊಡುತ್ತದೆ. 20ರವರೆಗೆ ಇದ್ದರೂ ನಾನು ಚಿಂತೆ ಮಾಡುವುದಿಲ್ಲ. 30 ಅಂತ ಬಂದರೆ ಮೊದಲ ವರ್ಷದ ಕ್ಲಾಸುಗಳು ಜಾತ್ರೆ ಥರ ಇರುತ್ತವೆ.

ಈ ಕಾಗದದಲ್ಲೂ ಎರಡು ಕೊರತೆ ಇದೆ. ಒಂದು, ಅಂಕಿಗಳು ಹಳೆಯವು. ಪಟ್ಟಿ ಬರುವ ಹೊತ್ತಿಗೆ ಅದರಲ್ಲಿರುವ ಬ್ಯಾಚು ಹೊರಗೆ ಹೋಗಿ ವರ್ಷ ಕಳೆದಿರುತ್ತದೆ. ಸಾಫ್ಟ್‌ವೇರ್ ಕಂಪನಿಗಳು ಹಿಂಡುಹಿಂಡಾಗಿ ತೆಗೆದುಕೊಂಡ ವರ್ಷದ ಸಂಖ್ಯೆ ನೋಡಿ ಈಗಿನ ವರ್ಷವನ್ನು ಊಹಿಸಬೇಡಿ. ಎರಡನೆಯದು ನಿಮಗೆ ಹೆಚ್ಚು ಮುಖ್ಯ. ಎಲ್ಲ ಬ್ರಾಂಚುಗಳನ್ನೂ ಒಟ್ಟಿಗೇ ಕಲಸಿ ಒಂದೇ ಸಂಖ್ಯೆ ಕೊಟ್ಟಿರುತ್ತಾರೆ. ಕಂಪ್ಯೂಟರ್ ಸೈನ್ಸ್ ಎಷ್ಟು, ಸಿವಿಲ್ ಎಷ್ಟು ಅಂತ ಗೊತ್ತಾಗುವುದಿಲ್ಲ. ಅದನ್ನು ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿಗೆ ಹೋಗಿ ಕೇಳಬೇಕು. 'ಎಲೆಕ್ಟ್ರಾನಿಕ್ಸ್‌ನಲ್ಲಿ ಹೋದ ವರ್ಷ ಎಷ್ಟು ಮಕ್ಕಳಿದ್ದರು, ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು' ಅಂತ ಕೇಳಿ. ಆಫರ್ ಎಷ್ಟು ಅಂತ ಕೇಳಬೇಡಿ.

ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಬ್ರೋಷರಿನಲ್ಲಿ 'ಎ ಡಬಲ್ ಪ್ಲಸ್' ಅಂತ ಕಂಡೇ ಕಾಣುತ್ತದೆ. ಬೆಂಗಳೂರಿನ ನಾಗರಭಾವಿಯಲ್ಲಿ ಕಚೇರಿ ಇರುವ ನ್ಯಾಕ್ ಕೊಡುವುದು ದರ್ಜೆ. 4ಕ್ಕೆ 3.51ರ ಮೇಲೆ ಬಂದರೆ ಎ ಡಬಲ್ ಪ್ಲಸ್. ಇಡೀ ಸಂಸ್ಥೆಗೆ ಸೇರಿಸಿ ಕೊಡುತ್ತಾರೆ. ಅಲ್ಲೂ ಎಲ್ಲ ನೆಟ್ಟಗಿಲ್ಲ, 2025ರ ಫೆಬ್ರವರಿಯಲ್ಲಿ ಪರಿಶೀಲನೆಗೆ ಹೋಗಿದ್ದ ತಂಡದ ಸದಸ್ಯರನ್ನೇ ಸಿಬಿಐ ಲಂಚದ ಆರೋಪದಲ್ಲಿ ಬಂಧಿಸಿತು. ನಿಮಗೆ ಜಾಸ್ತಿ ಕೆಲಸಕ್ಕೆ ಬರುವುದು ಎನ್‌ಬಿಎ ಮಾನ್ಯತೆ, ಯಾಕೆಂದರೆ ಅದನ್ನು ಬ್ರಾಂಚ್ ಬ್ರಾಂಚಿಗೆ ಬೇರೆಬೇರೆ ಕೊಡುತ್ತಾರೆ. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತ 2014ರಿಂದ ಇದೆ, ಎನ್‌ಬಿಎಯ 'ಟಿಯರ್-1' ಮಾನ್ಯತೆ ಇದ್ದರೆ ನಾಳೆ ಹೊರದೇಶಕ್ಕೆ ಹೋಗುವಾಗ ಡಿಗ್ರಿಗೆ ಬೆಲೆ ಸಿಗುವುದು ಸಲೀಸು. ನಿಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್‌ಗೆ ಅದು ಇದೆಯಾ, ಯಾವ ವರ್ಷದವರೆಗೆ ಇದೆ, ನೋಡಿಕೊಳ್ಳಿ.

ಇನ್ನು ನಿಮ್ಮ ಸಾಲ. ನೀವು ಕೊಟ್ಟ ಲೆಕ್ಕದಲ್ಲಿ ಅಲ್ಲಿ ಫೀಸು ನಾಲ್ಕು ವರ್ಷಕ್ಕೆ 17 ಲಕ್ಷ ಅಂತಿಟ್ಟುಕೊಳ್ಳಿ, ಹಾಸ್ಟೆಲ್ಲು ಊಟ ಓಡಾಟ 6 ಲಕ್ಷ. ಒಟ್ಟು 23. ಬೆಂಗಳೂರಿನಲ್ಲಿ ಸಿಇಟಿ ಫೀಸು ಮತ್ತು ಹಾಸ್ಟೆಲ್ ಸೇರಿ 10 ಲಕ್ಷದೊಳಗೆ ಮುಗಿಯಬಹುದು. ಅಂತರ 13 ಲಕ್ಷ. 10 ಪರ್ಸೆಂಟ್ ಬಡ್ಡಿಗೆ ಹತ್ತು ವರ್ಷದ ಸಾಲ ಅಂದರೆ ತಿಂಗಳಿಗೆ 17 ಸಾವಿರ ದಾಟುತ್ತದೆ, ಓದುವಾಗ ಬೆಳೆಯುವ ಬಡ್ಡಿ ಬೇರೆ. ಹಾಗಾಗಿ ಪ್ರಶ್ನೆ 50 ದೊಡ್ಡದಾ 151 ದೊಡ್ಡದಾ ಅನ್ನುವುದಲ್ಲ. ಎರಡು ಪಿಡಿಎಫ್‌ಗಳ ಮಧ್ಯದ ಸಂಬಳದ ನಡುವೆ ತಿಂಗಳಿಗೆ 17 ಸಾವಿರಕ್ಕಿಂತ ಜಾಸ್ತಿ ಅಂತರ ಇದೆಯಾ? ಇದ್ದರೆ, ಮತ್ತೆ ಅಲ್ಲಿ ಸೇರಿದವರಲ್ಲಿ ಕೆಲಸ ಸಿಕ್ಕವರ ಪಾಲೂ ಇಲ್ಲಿಗಿಂತ ಚೆನ್ನಾಗಿದ್ದರೆ, ಧೈರ್ಯವಾಗಿ ಯೋಚಿಸಬಹುದು. ನಾನು ಈ ಥರ ಲೆಕ್ಕ ಹಾಕಿಸಿದ ಮನೆಗಳಲ್ಲಿ ಬಹಳಷ್ಟು ಕಡೆ ಅಂತರ ಅಷ್ಟು ಬರಲಿಲ್ಲ.

ಬ್ರಾಂಚಿನ ವಿಷಯದಲ್ಲಿ ನಿಮ್ಮ ಪತ್ರದಲ್ಲಿ ಒಂದು ಮಾತು ಇಲ್ಲ. ಮಗಳಿಗೆ ಏನು ಇಷ್ಟ? ಎಲೆಕ್ಟ್ರಾನಿಕ್ಸ್ ಓದಿದವರು ಸಾಫ್ಟ್‌ವೇರಿಗೂ ಹೋಗುತ್ತಾರೆ, ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕಂಪನಿಗಳೂ ಬೇಕಾದಷ್ಟಿವೆ. ಅವಳಿಗೆ ಕೋಡಿಂಗ್‌ನಲ್ಲೇ ಆಸೆ ಇದ್ದರೆ ಇನ್ನೊಂದು ದಾರಿ ಇದೆ. ಸಿಇಟಿ ಸೀಟಿಗೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರು ಒಂದಕ್ಕೇ ಅಂಟಿಕೊಳ್ಳದೆ ಹುಬ್ಬಳ್ಳಿ, ಬೆಳಗಾವಿ, ಮೈಸೂರು, ದಾವಣಗೆರೆ ಕಡೆಯ ಒಳ್ಳೆಯ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಕೂಡ ಹಾಕಿ. ಹುಬ್ಬಳ್ಳಿ ನಿಮಗೆ ಎರಡು ಗಂಟೆ ದಾರಿಯೂ ಇಲ್ಲ. ಹಾಕುವಾಗ ಸಿಗುತ್ತದೋ ಇಲ್ಲವೋ ಅಂತ ನೋಡಿ ಕ್ರಮ ಮಾಡಬೇಡಿ, ಯಾವುದು ಜಾಸ್ತಿ ಬೇಕೋ ಅದನ್ನೇ ಮೇಲೆ ಹಾಕಿ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದು ಕೈತಪ್ಪುವುದಿಲ್ಲ. ಮೊದಲ ಸುತ್ತಿನಲ್ಲಿ ಸೀಟು ಬಂದಮೇಲೆ ಅದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವ ಅವಕಾಶ ಇದೆ, ಅದು ಎರಡನೇ ಚಾಯ್ಸ್. ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಪ್ರತಿ ವರ್ಷ ಇಲ್ಲೇ ಯಾರಾದರೂ ಎಡವುತ್ತಾರೆ.

ಡೀಮ್ಡ್ ವಿವಿಯವರು 'ಈ ವಾರದೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ' ಅಂತ ಫೋನ್ ಮಾಡುತ್ತಿರಬಹುದು. ಕಟ್ಟುವ ಮುಂಚೆ, ಸೀಟು ಬಿಟ್ಟರೆ ಹಣ ಎಷ್ಟು ವಾಪಸ್ ಬರುತ್ತದೆ, ಯಾವ ತಾರೀಖಿನವರೆಗೆ ಅನ್ನುವುದನ್ನು ಬರೆದು ಕೊಡಿ ಅಂತ ಕೇಳಿ. ಬಾಯಿಮಾತು ಬೇಡ, ಮೇಲ್ ಬರಲಿ. ಎರಡೂ ಪಿಡಿಎಫ್ ಸಿಕ್ಕಿದ ಮೇಲೆ ಆ ಒಂದೊಂದು ಸಾಲನ್ನು ಬರೆದು ಕಳಿಸಿ, ನಾನೂ ಕೂಡಿಸಿ ಕಳೆದು ನೋಡುತ್ತೇನೆ. ನಿಮ್ಮ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.